ಬದಿಯಡ್ಕದ ಬನ್ಸ್, ನೆಂಚಿಕೊಳ್ಳಲು ಸಿಂಗಾಪುರ

ಬದಿಯಡ್ಕ ಪೇಟೆಯ ಒಂದು ಸಣ್ಣ ಹೋಟೆಲ್, ಹೆಸರು ಬೇಡ. ಬೆಳಗ್ಗೆ ಏಳಕ್ಕೆ ಹೋದರೆ ಬನ್ಸ್ ಬಿಸಿ ಇರುತ್ತದೆ. ಮುರಿದರೆ ಬಾಳೆಹಣ್ಣಿನ ಘಮ, ಒಳಗೆ ಅಲ್ಲೊಂದು ಇಲ್ಲೊಂದು ಜೀರಿಗೆ. ಚಟ್ನಿ ಮಾತ್ರ ಬರೀ ನೀರು. ಎರಡು ಸಲ ಹೇಳಿದೆ, ಸುಮ್ನೆ ನಕ್ಕರು.

ಆದರೆ ಇಲ್ಲಿ ತಿಂಡಿಗಿಂತ ಮಾತೇ ಜಾಸ್ತಿ. ಮೊನ್ನೆ ಸಿಂಗಾಪುರದಿಂದ ರಜೆಗೆ ಬಂದ ಒಬ್ಬರು ಲೀ ಕ್ವಾನ್ ಯೂ ಅವರನ್ನು ಹೊಗಳಲು ಶುರು ಮಾಡಿದರು. 1959ರಿಂದ 1990ರವರೆಗೆ ಒಬ್ಬರೇ ಪ್ರಧಾನಿ, ಈಗಲೂ ಅಲ್ಲಿ ಮಂತ್ರಿಗಳಿಗೆ ಭಾರೀ ಸಂಬಳ, ಲಂಚ ಮುಟ್ಟಿದರೆ ಜೈಲು. "ಹಾಗಾದ್ರೆ ಉರುಗ್ವೆಯ ಮುಜಿಕಾ?" ಅಂತ ಗಲ್ಲಾದಲ್ಲಿ ಕೂತಿದ್ದ ಮಾಲೀಕರೇ ಕೇಳಿಬಿಟ್ಟರು! 2010ರಿಂದ 2015ರವರೆಗೆ ಅಧ್ಯಕ್ಷರಾಗಿದ್ದವರು, ಸಂಬಳದ ದೊಡ್ಡ ಪಾಲು ದಾನ ಕೊಟ್ಟು, ಅರಮನೆ ಬಿಟ್ಟು ತೋಟದ ಮನೆಯಲ್ಲೇ ಇದ್ದು, ಹಳೇ ಬೀಟಲ್ ಕಾರಿನಲ್ಲಿ ಓಡಾಡಿದವರು. ನನಗೂ ಮುಜಿಕಾ ಇಷ್ಟ. ಸಿಂಗಾಪುರದ ಶಿಸ್ತು ಸರಿ, ಆದರೆ ಲೀ ಕಾಲದಲ್ಲಿ ವಿರೋಧ ಪಕ್ಷದವರು ಬಾಯಿ ಬಿಡುವುದೇ ಕಷ್ಟವಿತ್ತು, ಅದನ್ನು ಯಾರು ಲೆಕ್ಕ ಹಾಕುತ್ತಾರೆ? ಸ್ವಿಟ್ಜರ್ಲೆಂಡಿನ ವಿಷಯವೂ ಬಂತು. ಅಲ್ಲಿ ಏಳು ಜನರ ಸಂಪುಟ, ಅಧ್ಯಕ್ಷ ಪಟ್ಟ ವರ್ಷಕ್ಕೊಬ್ಬರಿಗೆ. ಬ್ರಿಟನ್ನಿನಲ್ಲಿ 2022ರಲ್ಲಿ ಮೂರು ಪ್ರಧಾನಿಗಳು, ಅದರಲ್ಲಿ ಲಿಜ್ ಟ್ರಸ್ ಇದ್ದದ್ದು ಬರೀ ಏಳು ವಾರ. ಮೂಲೆಯ ಅಜ್ಜ ಒಬ್ಬರು, "ನಮ್ಮ ಪಂಚಾಯತಿನಷ್ಟೇ ಆಯ್ತಲ್ಲ ಮಾರಾಯ್ರೆ" ಅಂದರು.

ಈ ಗಲಾಟೆಯಲ್ಲಿ ನನ್ನ ಚಾ ಮರೆತೇ ಹೋಗಿತ್ತು. ಬಂದಾಗ ಪೂರ್ತಿ ಆರಿತ್ತು, ಆದರೆ ದುಡ್ಡು ಹಿಡಿಯಲಿಲ್ಲ. ಹೋಗುವವರು ಹಿಂದಿನ ಬೆಂಚಿನಲ್ಲಿ ಕೂರಬೇಡಿ, ಫ್ಯಾನ್ ಇಲ್ಲ.