ಒಂದೇ ಓಲೆ, ನಾಲ್ಕು ಬಗೆಯ ತಂತಿ

ಕಳೆದ ಎರಡು ತಿಂಗಳಲ್ಲಿ ಒಂದೇ ಓಲೆಯನ್ನು ನಾಲ್ಕು ಸಲ ಮಾಡಿದೆ. ನೀರಿನ ಹನಿಯ ಆಕಾರದ ಚೌಕಟ್ಟು. ಅದನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಬೇಕು. ನಡುವೆ ಒಂದು ಕೆಂಪು ಮಣಿಯನ್ನು ಸಣ್ಣ ತಂತಿಯಲ್ಲಿ ಸುತ್ತಿ ಕೂರಿಸಬೇಕು. ಆಕಾರ ಅದೇ, ಸುತ್ತಿಗೆ ಅದೇ, ಮಣಿ ಅದೇ. ಬದಲಾಯಿಸಿದ್ದು ತಂತಿ ಮಾತ್ರ. ಹೊಸದಾಗಿ ಕಲಿಯುವವರು ನನ್ನನ್ನು ಮೊದಲು ಕೇಳುವುದು ‘ಯಾವ ತಂತಿ ತರಲಿ ಅಕ್ಕಾ?’ ಎಂದೇ. ಕೈಯಾರೆ ಮಾಡಿ ನೋಡಿಯೇ ಉತ್ತರ ಹೇಳೋಣ ಅನ್ನಿಸಿತು.

ಮೊದಲನೆಯದು ಆನ್‌ಲೈನ್‌ನಲ್ಲಿ ತರಿಸಿದ ಕ್ರಾಫ್ಟ್ ತಂತಿ. ಸುರುಳಿಯ ಮೇಲೆ ‘ಕಾಪರ್ ವೈರ್’ ಎಂದೇ ಬರೆದಿತ್ತು. ಬಣ್ಣ ಚೆನ್ನಾಗಿತ್ತು, ಬೆರಳಲ್ಲೇ ಬಗ್ಗುತ್ತಿತ್ತು. ನಾಲ್ಕು ಏಟು ಹಾಕಿದ್ದೇ ತಾಮ್ರದ ಬಣ್ಣ ಪೊರೆಪೊರೆಯಾಗಿ ಎದ್ದು ಒಳಗೆ ಬೆಳ್ಳಗೆ ಕಂಡಿತು. ಅದು ಅಲ್ಯೂಮಿನಿಯಂ. ತುಂಬಾ ಬೇಜಾರಾಯಿತು, ಏಕೆಂದರೆ ಕಲಿಯುವವರು ಇಂಥ ತಂತಿ ಕೊಂಡು, ಬಡಿದು ಹಾಳಾದರೆ ತಪ್ಪು ತಮ್ಮ ಕೈಯದೇ ಅಂದುಕೊಳ್ಳುತ್ತಾರೆ. ಕೊಂಡ ತಂತಿಯ ತುದಿಯನ್ನು ಅರದಿಂದ ಒಮ್ಮೆ ಉಜ್ಜಿ ನೋಡಿ. ಒಳಗೂ ಕೆಂಪಗಿದ್ದರೆ ಸರಿ. ತೂಕವೂ ಗುಟ್ಟು ಬಿಟ್ಟುಕೊಡುತ್ತದೆ. ಅಷ್ಟೇ ಗಾತ್ರದ ತಾಮ್ರಕ್ಕೆ ಹೋಲಿಸಿದರೆ ಅಲ್ಯೂಮಿನಿಯಂ ಮೂರನೇ ಒಂದು ಭಾಗದಷ್ಟೂ ತೂಗುವುದಿಲ್ಲ.

ಎರಡನೆಯದು ಮನೆಯ ಹಳೆ ವೈರಿಂಗ್ ತೆಗೆದಾಗ ಸಿಕ್ಕಿದ ಕೇಬಲ್. ಇದರ ತಾಮ್ರ ಬಲು ಒಳ್ಳೆಯದು. ಕಲಬೆರಕೆ ಇದ್ದರೆ ಕರೆಂಟ್ ಸರಾಗವಾಗಿ ಹರಿಯುವುದಿಲ್ಲ, ಅದಕ್ಕೇ ವೈರಿಂಗ್ ತಾಮ್ರ ಶೇ. 99.9ರಷ್ಟು ಶುದ್ಧವಾಗಿರುತ್ತದೆ. ಆದರೆ ಈಗಿನ ಕೇಬಲ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ತಂತಿ ಇರುವುದಿಲ್ಲ, ಕೂದಲೆಳೆಯಂಥ ಹತ್ತಾರು ಎಳೆ ಇರುತ್ತವೆ. ಚೌಕಟ್ಟಿಗೆ ಅವು ಆಗುವುದಿಲ್ಲ. ನನ್ನ ಅದೃಷ್ಟಕ್ಕೆ ಒಂಟಿ ತಂತಿಯ ಎರಡು ತುಂಡು ಸಿಕ್ಕವು. ಬ್ಲೇಡಿನಿಂದ ಪ್ಲಾಸ್ಟಿಕ್ ಸೀಳುವಾಗ ತಂತಿಗೆ ಗೀರು ಬಿತ್ತು. ಬಡಿದ ಮೇಲೆ ಅದೇ ಗೀರಿನ ಜಾಗದಲ್ಲಿ ಬಿರುಕು ಕಂಡಿತು. ಪ್ಲಾಸ್ಟಿಕ್ಕನ್ನು ಬೆಂಕಿಯಲ್ಲಿ ಸುಟ್ಟು ತೆಗೆಯುವ ಯೋಚನೆ ಮಾತ್ರ ಬೇಡ, ಆ ಹೊಗೆ ವಿಷ. ಪುಕ್ಕಟೆ ಸಿಕ್ಕರೆ ಕೈ ಪಳಗಿಸಲು ಇಟ್ಟುಕೊಳ್ಳಿ.

ಮೂರನೆಯದು ಮೋಟಾರಿಗೆ ಸುತ್ತುವ ವೈಂಡಿಂಗ್ ತಂತಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೇಳಿದರೆ ತೂಕದ ಮೇಲೆ ಕೊಡುತ್ತಾರೆ. ನೋಡಲು ಜೇನಿನ ಬಣ್ಣ, ಮೇಲೆ ಎನಾಮಲ್ ಲೇಪ. ಇದನ್ನು ದಪ್ಪದ್ದು ತಂದು ಬಡಿದೆ. ಲೇಪ ಅಲ್ಲಲ್ಲಿ ಒಡೆದು ತೇಪೆ ಹಾಕಿದ ಹಾಗೆ ಕಂಡಿತು. ಕಾಯಿಸಿ ಮೆದು ಮಾಡೋಣವೆಂದರೆ ಲೇಪ ಸುಟ್ಟು ಕೆಟ್ಟ ವಾಸನೆ ಬರುತ್ತದೆ. ಹಾಗಾಗಿ ಬಡಿಯುವ ಕೆಲಸಕ್ಕೆ ಇದು ಬೇಡ. ಆದರೆ ಮಣಿ ಸುತ್ತಲು 26 ಗೇಜಿನದನ್ನು (ಗೇಜ್ ಅಂದರೆ ತಂತಿಯ ದಪ್ಪದ ಸಂಖ್ಯೆ, ಅದು ಹೆಚ್ಚಿದಷ್ಟೂ ತಂತಿ ತೆಳು) ಬಳಸಿದಾಗ ಕಣ್ಣರಳಿತು! ಸುತ್ತು ಪಕ್ಕಪಕ್ಕದಲ್ಲಿ ನೀಟಾಗಿ ಕೂರುತ್ತದೆ, ಲೇಪ ಇರುವುದರಿಂದ ಬೆವರಿಗೆ ಬೇಗ ಕಪ್ಪಾಗುವುದಿಲ್ಲ. ಸುತ್ತುವುದಕ್ಕೆ ನನ್ನ ಆಯ್ಕೆ ಇದೇ.

ಗೇಜ್ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಅಂಗಡಿಗಳ ಗೇಜ್ ಬ್ರಿಟಿಷ್ ಲೆಕ್ಕದ್ದು, ವಿಡಿಯೋಗಳಲ್ಲಿ ಹೇಳುವುದು ಸಾಮಾನ್ಯವಾಗಿ ಅಮೆರಿಕದ ಲೆಕ್ಕ. ಇಲ್ಲಿನ 20 ಗೇಜ್ ಅಂದರೆ 0.91 ಮಿಲಿಮೀಟರ್, ಅಲ್ಲಿನದು 0.81. ಮಣಿಯ ತೂತಿನಲ್ಲಿ ತಂತಿ ಹೋಗದೆ ಒದ್ದಾಡುವುದು ಇದಕ್ಕೇ. ಮಿಲಿಮೀಟರಿನಲ್ಲೇ ಕೇಳಿ ತನ್ನಿ.

ಇನ್ನು ನಾಲ್ಕನೆಯದು. ಅರ್ಥಿಂಗಿಗೆ ಬಳಸುವ ಬರಿ ತಾಮ್ರದ ತಂತಿ. ಲೇಪವಿಲ್ಲ, ಬಣ್ಣವಿಲ್ಲ. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೆದುಹೋದೆ. ಅಂಗಡಿಯವರು ‘ಎಷ್ಟು ಕೆಜಿ ಬೇಕಮ್ಮಾ?’ ಎಂದರು. ‘16 ಗೇಜಿಂದು ಕಾಲು ಕೆಜಿ ಸಾಕಣ್ಣ’ ಎಂದೆ. ಆ ಕಾಲು ಕೆಜಿಯಲ್ಲಿ 13 ಮೀಟರ್ ತಂತಿ ಬಂತು. ಒಂದು ಜೊತೆ ಓಲೆಗೆ ನನಗೆ 20 ಸೆಂಟಿಮೀಟರ್ ಬೇಕು. ನೀವೇ ಲೆಕ್ಕ ಹಾಕಿ.

ಈ ತಂತಿ ಸುತ್ತಿಗೆಗೆ ಸ್ಪಂದಿಸುವ ರೀತಿಯೇ ಬೇರೆ. ಮೊದಲ ಏಟುಗಳಿಗೆ ‘ಡಬ್ ಡಬ್’ ಎಂದು ಮಂದ ಸದ್ದು, ತಂತಿ ಬೆಣ್ಣೆಯ ಹಾಗೆ ಹರಡಿಕೊಳ್ಳುತ್ತದೆ. ಬಡಿಯುತ್ತಾ ಹೋದಂತೆ ಸದ್ದು ಸಣ್ಣಗಾಗಿ ‘ಟಿಣ್’ ಅನ್ನಲು ಶುರುವಾಗುತ್ತದೆ, ಸುತ್ತಿಗೆ ಪುಟಿಯುತ್ತದೆ. ಅಂದರೆ ತಾಮ್ರ ಗಡುಸಾಯಿತು ಎಂದರ್ಥ. ಓಲೆಯ ಆಕಾರ ನಿಲ್ಲಲು ಈ ಗಡುಸು ಬೇಕೇ ಬೇಕು. ಆದರೆ ಅದಾದ ಮೇಲೂ ಬಡಿದರೆ ಅಂಚು ಸೀಳುತ್ತದೆ. ಇನ್ನೂ ಅಗಲ ಬೇಕೆಂದರೆ ಕಾಯಿಸಬೇಕು. ನಾನು ಅಡುಗೆಮನೆಯ ಲೈಟ್ ಆರಿಸಿ, ಚಿಮಟದಲ್ಲಿ ಹಿಡಿದು, ಗ್ಯಾಸ್ ಉರಿಯಲ್ಲಿ ತಿರುಗಿಸುತ್ತೇನೆ. ಕತ್ತಲಲ್ಲಿ ಮಾತ್ರ ಕಾಣುವಷ್ಟು ಮಂಕಾದ ಕೆಂಪು ಬಂದರೆ ಸಾಕು, ನೀರಿಗೆ ಹಾಕಬಹುದು. ಉಕ್ಕಿನ ಉಳಿಯನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಗಡುಸಾಗುತ್ತದೆ, ತಾಮ್ರ ಹಾಗಲ್ಲ, ಮೆದುವಾಗಿಯೇ ಉಳಿಯುತ್ತದೆ. ಮೇಲೆ ಕೂತ ಕರಿಯನ್ನು ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದರೆ ಹಬ್ಬಕ್ಕೆ ತೊಳೆದ ತಾಮ್ರದ ಚೊಂಬಿನ ಬಣ್ಣ ಬರುತ್ತದೆ. ನನಗೆ ಇಡೀ ಕೆಲಸದಲ್ಲಿ ತುಂಬಾ ಇಷ್ಟವಾದ ಗಳಿಗೆ ಇದು.

ಉಳಿದ ಮೂರು ತಂತಿಗಳಲ್ಲಿ ಈ ಹದವೇ ಸಿಗಲಿಲ್ಲ. ಒಂದನ್ನು ಕಾಯಿಸುವಂತಿಲ್ಲ, ಒಂದನ್ನು ಬಡಿಯುವಂತಿಲ್ಲ, ಇನ್ನೊಂದು ಬೇಕಾದ ದಪ್ಪದಲ್ಲಿ ಸಿಗುವುದಿಲ್ಲ.

ಸುತ್ತಿಗೆ ವಿಷಯದಲ್ಲೂ ಎರಡನ್ನು ಪಕ್ಕಪಕ್ಕದಲ್ಲಿ ನೋಡಿದೆ. ಮೊಳೆ ಹೊಡೆಯುವ ಮನೆ ಸುತ್ತಿಗೆಯ ಅಂಚು ಚೂಪು, ಸ್ವಲ್ಪ ವಾಲಿದರೂ ತಂತಿಯ ಮೇಲೆ ಅರ್ಧಚಂದ್ರದ ಗುರುತು ಕಚ್ಚುತ್ತದೆ. ಅಕ್ಕಸಾಲಿಗರು ಬಳಸುವಂಥ, ಮುಖ ತುಸು ಉಬ್ಬಿದ ಸುತ್ತಿಗೆಯಲ್ಲಿ ಆ ತೊಂದರೆಯಿಲ್ಲ. ಇನ್ನೊಂದು ತುದಿ ಗುಂಡಗಿದ್ದರೆ ಅದರಲ್ಲಿ ಹಗುರಾಗಿ ಕುಟ್ಟಿ, ಮಳೆಹನಿ ಬಿದ್ದ ಮರಳಿನಂಥ ಗುಳಿಗಳು ಮೂಡುತ್ತವೆ. ಕೆಳಗಿಡುವ ಉಕ್ಕಿನ ಅಡಿಗಲ್ಲು ನುಣುಪಾಗಿರಲಿ. ಅದರ ಮೇಲಿನ ಒಂದೊಂದು ಗೀರೂ ಓಲೆಯ ಬೆನ್ನಿಗೆ ಅಚ್ಚಾಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಅಡಿಗಲ್ಲಿನ ಕೆಳಗೆ ಗೋಣಿಚೀಲ ಮಡಚಿ ಹಾಕಿ. ಕೆಳಗಿನ ಮನೆಯ ಅಜ್ಜಿಯ ಮಧ್ಯಾಹ್ನದ ನಿದ್ದೆಯೂ ಮುಖ್ಯ ಅಲ್ವಾ?

ಬಡಿಯುವುದೆಲ್ಲ ಮುಗಿದ ಮೇಲೆಯೇ ಸುತ್ತಬೇಕು. ತಂತಿಯ ಮೇಲೆ ತಂತಿ ಇಟ್ಟು ಬಡಿದರೆ ದಾಟುವ ಜಾಗದಲ್ಲಿ ತೆಳುವಾಗಿ ಕತ್ತರಿಸಿಹೋಗುತ್ತದೆ.

ಹಾಗಾಗಿ ಈಗ ನಾನು ಮಾಡುವ ಓಲೆಯಲ್ಲಿ ಚೌಕಟ್ಟು 16 ಗೇಜಿನ ಬರಿ ತಾಮ್ರ, ಸುತ್ತು 26 ಗೇಜಿನ ವೈಂಡಿಂಗ್ ತಂತಿ. ಎರಡರ ಬಣ್ಣ ಮೊದಲ ದಿನ ಸ್ವಲ್ಪ ಬೇರೆ ಕಾಣುತ್ತದೆ. ತಿಂಗಳು ಕಳೆದಂತೆ ಚೌಕಟ್ಟು ಕಂದುಬಣ್ಣಕ್ಕೆ ತಿರುಗಿ ಸುತ್ತು ಮಾತ್ರ ಹೊಳೆಯುತ್ತಿರುತ್ತದೆ, ನನಗೆ ಅದು ಇನ್ನೂ ಚಂದ. ಕಿವಿಗೆ ತೂರುವ ಕೊಕ್ಕೆಯನ್ನು ಮಾತ್ರ ಬೆಳ್ಳಿಯಲ್ಲಿ ಮಾಡುತ್ತೇನೆ, ತಾಮ್ರ ಬೆವರಿಗೆ ಹಸಿರು ಬಿಡುತ್ತದೆ.

14 ಗೇಜಿನದನ್ನೂ ಒಂದು ಮೀಟರ್ ತಂದಿದ್ದೆ. ದಪ್ಪ 2 ಮಿಲಿಮೀಟರ್, ಓಲೆಗೆ ಭಾರ ಜಾಸ್ತಿ. ಅದನ್ನು ಕಾಯಿಸಿ, ಬಡಿದು, ಅಕ್ಕನ ಮಗಳಿಗೆ ಒಂದು ಕಡಗ ಮಾಡಿಕೊಟ್ಟೆ. ಈಗ ಅವಳ ಗೆಳತಿಯರಿಗೂ ಬೇಕಂತೆ.