ಡಾಯ್ಚ್‌ಲಾಂಡ್ ಟಿಕೆಟ್: ಜೇಬು ಖಾಲಿ, ಟೈಮ್ ಜಾಸ್ತಿ ಇರುವವರಿಗೆ

ರೂಮ್ ಸಿಗುತ್ತಾ, ಪಾರ್ಟ್‌ಟೈಮ್ ಕೆಲಸ ಇದೆಯಾ, ಸೋನಾ ಮಸೂರಿ ಎಲ್ಲಿ ಸಿಗುತ್ತೆ? ಜರ್ಮನಿಗೆ ಓದಲು ಹೊರಟವರು ನನ್ನನ್ನು ಕೇಳುವುದು ಇಷ್ಟೇ. ಟಿಕೆಟ್ ಬಗ್ಗೆ ಯಾರೂ ಕೇಳುವುದಿಲ್ಲ. ನಾನು ಆಖೆನ್‌ನಲ್ಲಿ ಮಾಸ್ಟರ್ಸ್ ಓದುತ್ತಿದ್ದೇನೆ. ಇಲ್ಲಿ ನಾನು ಕೊಟ್ಟ ದುಡ್ಡಿನಲ್ಲಿ ಅತಿ ಚೆನ್ನಾಗಿ ವಸೂಲಾದದ್ದು ಡಾಯ್ಚ್‌ಲಾಂಡ್ ಟಿಕೆಟ್ ಅನ್ನುವ ತಿಂಗಳ ಪಾಸು. ತಂಟೆಯೂ ಅದರಲ್ಲಿ ಕಡಿಮೆಯೇನಿಲ್ಲ.

2022ರ ಬೇಸಿಗೆಯಲ್ಲಿ ಮೂರು ತಿಂಗಳ ಮಟ್ಟಿಗೆ 9 ಯೂರೋ ಟಿಕೆಟ್ ಅಂತ ಒಂದು ಬಿಟ್ಟಿದ್ದರು. ಜನ ಮುಗಿಬಿದ್ದರು. ಅದರ ಬೆನ್ನಿಗೆ 2023ರ ಮೇ 1ರಂದು ಡಾಯ್ಚ್‌ಲಾಂಡ್ ಟಿಕೆಟ್ ಶುರುವಾಯಿತು. ತಿಂಗಳಿಗೆ 49 ಯೂರೋ ಕಟ್ಟಿದರೆ ದೇಶದ ಯಾವ ಊರಿನಲ್ಲಾದರೂ ಬಸ್, ಟ್ರಾಮ್, ಮೆಟ್ರೋ, ಲೋಕಲ್ ರೈಲು ಹತ್ತಬಹುದು. 2025ರಲ್ಲಿ ಅದು 58 ಆಯಿತು, 2026ರಲ್ಲಿ 63. ಹೀಗೇ ಏರಿಸುತ್ತಾ ಹೋದರೆ ಹೆಸರು ಮಾತ್ರ ಉಳಿಯುತ್ತೆ, ಅಷ್ಟೇ. ವಿದ್ಯಾರ್ಥಿಗಳಿಗೆ ಪುಣ್ಯಕ್ಕೆ ಇದರ 60 ಪರ್ಸೆಂಟ್ ಬೆಲೆಗೆ ಸೆಮಿಸ್ಟರ್ ಟಿಕೆಟ್ ಇದೆ. ಯೂನಿವರ್ಸಿಟಿ ಅದಕ್ಕೆ ಸೇರಿಕೊಂಡಿರಬೇಕು. ದುಡ್ಡನ್ನು ಸೆಮಿಸ್ಟರ್ ಶುಲ್ಕದ ಜೊತೆಗೇ ಕಟ್ಟಿಸಿಕೊಳ್ಳುತ್ತಾರೆ. ಆರು ತಿಂಗಳದ್ದು ಒಟ್ಟಿಗೇ ಹೋಗುವಾಗ ಹೊಟ್ಟೆ ಉರಿಯುತ್ತದೆ. ಆದರೆ ಬಿಡಿ ಟಿಕೆಟ್ ತೆಗೆದು ಕ್ಯೋಲ್ನ್ (ಕಲೋನ್) ನಗರಕ್ಕೆ ಒಂದೇ ಒಂದು ಸಲ ಹೋಗಿಬಂದರೂ ಆ ತಿಂಗಳ ಲೆಕ್ಕ ಸರಿಹೋಗುತ್ತದೆ.

ಹಾಸನದಲ್ಲಿರುವ ಅಮ್ಮನಿಗೆ ಇದನ್ನು ವಿವರಿಸಲು ಕಷ್ಟವೇ ಆಗಲಿಲ್ಲ. ಈ ಟಿಕೆಟ್ ಬಂದ ಮರು ತಿಂಗಳೇ, ಜೂನ್ 11ಕ್ಕೆ, ನಮ್ಮಲ್ಲಿ ಶಕ್ತಿ ಯೋಜನೆ ಶುರುವಾಯಿತಲ್ಲ. ಅಮ್ಮ ಜೀರೋ ಟಿಕೆಟ್ ಹಿಡಿದು ಧರ್ಮಸ್ಥಳ, ಹೊರನಾಡು ಎಲ್ಲ ಸುತ್ತಿದ್ದಾರೆ. 'ಐರಾವತ, ರಾಜಹಂಸ ಹತ್ತೋ ಹಾಗಿಲ್ಲ, ಕೆಂಪು ಬಸ್ಸೇ ಆಗಬೇಕು, ಅಷ್ಟೇ ತಾನೇ?' ಎಂದರು. ಹೌದು, ಅಷ್ಟೇ. ಇಲ್ಲಿ ಐಸಿಇ, ಐಸಿ ಥರದ ವೇಗವಾಗಿ ಓಡುವ ರೈಲುಗಳು ಐರಾವತ. ಆರ್‌ಇ, ಆರ್‌ಬಿ, ಎಸ್-ಬಾನ್ ಅನ್ನುವ ಲೋಕಲ್ ರೈಲುಗಳು ನಮ್ಮ ಕೆಂಪು ಬಸ್. ಒಂದೇ ವ್ಯತ್ಯಾಸ, ಇಲ್ಲಿ ಕಂಡಕ್ಟರ್ ಜೊತೆ ಜಗಳ ಆಡಿ ಸೀಟು ಹಿಡಿಯೋಕಾಗಲ್ಲ.

ವಾರದ ದಿನಗಳಲ್ಲಿ ಇದರ ಇರವೇ ಗೊತ್ತಾಗುವುದಿಲ್ಲ. ಮೆಲಾಟೆನ್ ಕ್ಯಾಂಪಸ್‌ಗೆ ಬಸ್, ಮಧ್ಯಾಹ್ನ ಮೆನ್ಸಾ ಅಂದರೆ ಯೂನಿವರ್ಸಿಟಿ ಕ್ಯಾಂಟೀನು, ಸಂಜೆ ಸಾಮಾನು ತರಲು ಮತ್ತೆ ಬಸ್. ಹತ್ತುತ್ತೀರಿ, ಇಳಿಯುತ್ತೀರಿ. ಕೆಲವು ಗೆಳೆಯರು ಬಾಡಿಗೆ ಕಮ್ಮಿ ಅಂತ ಎಶ್‌ವೈಲರ್, ಡ್ಯೂರೆನ್ ಕಡೆ ಮನೆ ಮಾಡಿದ್ದಾರೆ. ಅವರಿಗೆ ಇದಿಲ್ಲದೆ ನಡೆಯುವುದೇ ಇಲ್ಲ.

ಅಸಲಿ ಮಜಾ ಭಾನುವಾರ. ಅವತ್ತು ಇಲ್ಲಿ ಸೂಪರ್‌ಮಾರ್ಕೆಟ್ ಎಲ್ಲ ಬಂದ್. ರೂಮಿನಲ್ಲಿ ಕೂತರೆ ಬರೀ ಮನೆ ನೆನಪು. ಹಾಗಾಗಿ ರಾತ್ರಿಯೇ ಪುಳಿಯೋಗರೆ ಕಲಸಿಟ್ಟು, ಬೆಳಿಗ್ಗೆ ಆರ್‌ಇ 1 ಅಥವಾ ಆರ್‌ಇ 9 ಹಿಡಿದು ಕ್ಯೋಲ್ನ್. ಸ್ಟೇಷನ್ನಿನಿಂದ ಹೊರಬಂದರೆ ಎದುರಿಗೇ 157 ಮೀಟರಿನ ಡೋಮ್ ಚರ್ಚ್. ಅದರ ದಕ್ಷಿಣ ಗೋಪುರಕ್ಕೆ 533 ಮೆಟ್ಟಿಲು. ಒಂದು ಸಲ ಹತ್ತಿ, ಸಾಕು.

ನನ್ನ ಮೆಚ್ಚಿನ ದಾರಿ ಅಲ್ಲಿಂದ ಮುಂದಿನದು. ಕ್ಯೋಲ್ನ್‌ನಿಂದ ಮೈಂಟ್ಸ್‌ಗೆ ಹೋಗುವ ಆರ್‌ಬಿ 26. ಹತ್ತಿದ ಕೂಡಲೇ ಎಡಗಡೆ ಕಿಟಕಿ ಹಿಡಿಯಿರಿ. ಕೋಬ್ಲೆಂಟ್ಸ್ ತನಕ ಸುಮ್ನೆ ನಿದ್ದೆ ಮಾಡಿ, ಅಲ್ಲಿಂದ ಮಾತ್ರ ಕಣ್ಣು ಮುಚ್ಚಬೇಡಿ. ರೈನ್ ನದಿ ರೈಲಿನ ಪಕ್ಕಕ್ಕೇ ಬರುತ್ತದೆ. ಕಲ್ಲಿದ್ದಲು, ಕಂಟೇನರ್ ಹೊತ್ತ ಉದ್ದುದ್ದ ಹಡಗುಗಳು. ಅವುಗಳ ಹಿಂಭಾಗದಲ್ಲಿ ನಾವಿಕನ ಪುಟ್ಟ ಮನೆ, ಕಿಟಕಿಗೆ ಪರದೆ, ಮೇಲೆ ಅವನ ಕಾರು! ಆಚೆ ದಡದ ಬೆಟ್ಟ ಎಷ್ಟು ಕಡಿದಾಗಿದೆ ಎಂದರೆ, ಅದರಲ್ಲಿ ದ್ರಾಕ್ಷಿ ಬೆಳೆಯುವವರು ನಿಲ್ಲುವುದಾದರೂ ಹೇಗೆ ಅನಿಸುತ್ತದೆ. ತಿರುವು ತಿರುವಿಗೂ ಕೋಟೆ. ಕೌಬ್ ಊರಿನ ಎದುರು ನದಿಯ ನಡುವಿನ ಬಂಡೆಯ ಮೇಲೊಂದು ಬಿಳಿ ಕೋಟೆ ಇದೆ, ಪ್‌ಫಾಲ್ಟ್ಸ್‌ಗ್ರಾಫೆನ್‌ಸ್ಟೈನ್. ಹಿಂದೆ ಅಲ್ಲಿ ಹಡಗುಗಳಿಂದ ಸುಂಕ ಎತ್ತುತ್ತಿದ್ದರಂತೆ. ನಾನು ಬಾಖರಾಖ್‌ನಲ್ಲಿ ಇಳಿದು, ಮರದ ಚೌಕಟ್ಟಿನ ಹಳೇ ಮನೆಗಳ ಮಧ್ಯೆ ಅಡ್ಡಾಡಿ, ನದಿ ಕಡೆಯ ಬೆಂಚಿನಲ್ಲಿ ಕೂತು ಪುಳಿಯೋಗರೆ ತಿನ್ನುತ್ತೇನೆ. ದೋಣಿ ವಿಹಾರಕ್ಕೆ ದುಡ್ಡು ಕೊಟ್ಟು ನೋಡುವ ಯುನೆಸ್ಕೋ ಕಣಿವೆ ಇದು. ನಮಗೆ ಬಸ್ ಪಾಸಿನಲ್ಲಿ ಸಿಕ್ಕಿದೆ.

ಇನ್ನೊಂದು, ವುಪ್ಪರ್ಟಾಲ್. ಆಖೆನ್‌ನಿಂದ ಆರ್‌ಇ 4ರಲ್ಲಿ ನೇರ ಹೋಗಬಹುದು. ಅಲ್ಲಿ 1901ರಿಂದ ತಲೆಕೆಳಗಾಗಿ ನೇತಾಡುತ್ತಾ ಓಡುವ ರೈಲಿದೆ, ಶ್ವೇಬೆಬಾನ್. 13 ಕಿಲೋಮೀಟರು ಚಿಲ್ಲರೆ ದೂರ, ಬಹುಪಾಲು ನದಿಯ ನೆತ್ತಿಯ ಮೇಲೆ. ಅದಕ್ಕೂ ಇದೇ ಟಿಕೆಟ್ ಸಾಕು. 1950ರಲ್ಲಿ ಸರ್ಕಸ್ ಪ್ರಚಾರಕ್ಕೆ ಟುಫಿ ಅನ್ನುವ ಮರಿ ಆನೆಯನ್ನು ಇದರಲ್ಲಿ ಹತ್ತಿಸಿದ್ದರು. ಅದು ಗಾಬರಿಯಾಗಿ ಕೆಳಗಿನ ನದಿಗೆ ಹಾರಿತು, ಬದುಕಿತು ಕೂಡ. ಆನೆ ಹತ್ತಿಸುವ ಐಡಿಯಾ ಕೊಟ್ಟವರಿಗೆ ಏನನ್ನಬೇಕೋ!

ಈಗ ಬೈಗುಳ. ಈ ಟಿಕೆಟ್ಟಿನ ನಿಜವಾದ ಬೆಲೆ ಯೂರೋದಲ್ಲಿಲ್ಲ, ಕಾಯುವುದರಲ್ಲಿದೆ. ಮೊದಲ ರೈಲು ಎಂಟು ನಿಮಿಷ ತಡವಾದರೆ ಎರಡನೆಯದು ಕಣ್ಣೆದುರೇ ಹೊರಟುಹೋಗುತ್ತದೆ. ಒಮ್ಮೆ ರಾತ್ರಿ, ಹೆಸರು ಹೇಳುವಷ್ಟೂ ದೊಡ್ಡದಲ್ಲದ ಒಂದು ಸ್ಟೇಷನ್ನಿನಲ್ಲಿ, ಮುಂದಿನ ಗಾಡಿಗಾಗಿ ಚಳಿಯಲ್ಲಿ ಗಂಟೆಗಟ್ಟಲೆ ನಿಂತೆ. ಬೋರ್ಡಿನಲ್ಲಿ ಮೊದಲು '15 ನಿಮಿಷ ತಡ', ಆಮೇಲೆ '30', ಕೊನೆಗೆ 'ಇಂದು ಇಲ್ಲ'. ಚಿಪ್ಸ್ ಮಿಷನ್ ನಾಣ್ಯ ನುಂಗಿತು, ಚಿಪ್ಸ್ ಕೊಡಲಿಲ್ಲ. ಒಂದು ಗಂಟೆಗಿಂತ ಜಾಸ್ತಿ ತಡವಾದರೆ ಪರಿಹಾರ ಇದೆ, ಆದರೆ ಸಲಕ್ಕೆ ಬರೀ ಒಂದೂವರೆ ಯೂರೋ. ಅದನ್ನೂ 4 ಯೂರೋ ದಾಟುವವರೆಗೆ ಕೂಡಿಟ್ಟು ಕೇಳಬೇಕು. ಮೂರು ಸಲ ಒದ್ದಾಡಿದರೆ ಒಂದು ಕಾಫಿ, ಅಷ್ಟೇ.

ಶನಿವಾರ ಫುಟ್‌ಬಾಲ್ ಮ್ಯಾಚ್ ಇದ್ದರೆ ಬೋಗಿ ತುಂಬಾ ಬಿಯರ್ ಬಾಟಲಿ, ಕೂಗಾಟ. ಕಾರ್ನಿವಲ್ ವಾರದಲ್ಲಿ ಕ್ಯೋಲ್ನ್ ಕಡೆ ಹೋಗುವ ರೈಲು ಹತ್ತಲೇಬೇಡಿ, ಅಥವಾ ವೇಷ ಹಾಕಿಕೊಂಡೇ ಹತ್ತಿ. ಸೈಕಲ್‌ಗೆ ಬೇರೆ ಟಿಕೆಟ್ ಬೇಕು.

ಒಂದು ಕಿವಿಮಾತು. ಜರ್ಮನ್ ರೈಲ್ವೆಯ ಡಿಬಿ ನ್ಯಾವಿಗೇಟರ್ ಆ್ಯಪ್‌ನಲ್ಲಿ ಈ ಟಿಕೆಟ್ ನಡೆಯುವ ರೈಲುಗಳನ್ನಷ್ಟೇ ತೋರಿಸುವ ಆಯ್ಕೆ ಇದೆ, ಮೊದಲು ಅದನ್ನು ಒತ್ತಿ. ಫೋನ್ ಚಾರ್ಜ್ ಇರಲಿ, ಗುರುತಿನ ಚೀಟಿ ಜೊತೆಗಿರಲಿ. ಇಪ್ಪತ್ಮೂರು ಕಿಲೋದ ಎರಡು ಸೂಟ್‌ಕೇಸ್ ಇಟ್ಟುಕೊಂಡು ಫ್ರಾಂಕ್‌ಫರ್ಟ್ ಏರ್‌ಪೋರ್ಟ್‌ಗೆ ಮಾತ್ರ ಇದರಲ್ಲಿ ಹೋಗಬೇಡಿ. ಅಲ್ಲಿ ಜಿಪುಣತನ ಬೇಡ, ಮುಂಚೆಯೇ ಐಸಿಇ ಬುಕ್ ಮಾಡಿ.

ಓದು ಮುಗಿದ ಮೇಲೆ ಪೂರ್ತಿ ದುಡ್ಡಿನ ಟಿಕೆಟ್ ತೆಗೆದುಕೊಳ್ಳುವವರು ಇನ್ನೊಂದು ನೋಡಿಕೊಳ್ಳಿ. ಇದು ಚಂದಾ ಲೆಕ್ಕ, ನೀವು ನಿಲ್ಲಿಸುವವರೆಗೂ ಪ್ರತಿ ತಿಂಗಳು ದುಡ್ಡು ಕಡಿಯುತ್ತಲೇ ಇರುತ್ತದೆ. ಊರಿಗೆ ರಜೆಗೆ ಹೊರಟರೆ ಹಿಂದಿನ ತಿಂಗಳ 10ನೇ ತಾರೀಕಿನೊಳಗೆ ರದ್ದು ಮಾಡಿ. ಬಂದ ಮೇಲೆ ಮತ್ತೆ ತೆಗೆದರಾಯಿತು.