ಎಲೆಕ್ಟ್ರಾನಿಕ್ ಬೂಸ್ಟ್ ಕಂಟ್ರೋಲರ್‌ಗೆ ದುಡ್ಡು ಕೊಟ್ಟೆ, ಹಾಕಿದ್ದು ಹಿತ್ತಾಳೆಯ ತಿರುಪು

ಟರ್ಬೊ ಕಾರಿಗೆ ಬೂಸ್ಟ್ (ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ) ಏರಿಸಿಕೊಳ್ಳಲು ಹೊರಟವರು ದಯವಿಟ್ಟು ಇದನ್ನು ಓದಿ, ಆಮೇಲೆ ಗ್ಯಾರೇಜಿಗೆ ಹೋಗಿ. ಮೂರು ವಾರಗಳಿಂದ ನನ್ನ ಕಾರು ಎಂಜಿನ್ ಬಿಚ್ಚಿಸಿಕೊಂಡು ನಿಂತಿದೆ. ಮನೆಯಲ್ಲಿ ಇನ್ನೂ ಪೂರ್ತಿ ವಿಷಯ ಹೇಳಿಲ್ಲ, ಹೇಳಲು ನಾಚಿಕೆಯಾಗುತ್ತಿದೆ. ಇಲ್ಲಿ ಬರೆಯಲೂ ನಾಚಿಕೆಯೇ. ಆದರೆ ಬರೆಯದೆ ಸುಮ್ಮನಿದ್ದರೆ ಇನ್ನೊಬ್ಬರು ಹೋಗಿ ಅದೇ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ.

ನನ್ನದು 2011ರ ಸ್ಕೋಡಾ ಲಾರಾ, 1.8 ಟಿಎಸ್‌ಐ ಪೆಟ್ರೋಲ್. ಎರಡನೇ ಮಾಲೀಕ ನಾನು. ಕಾರಿನ ಮೇಲೆ ನನಗೆ ಯಾವ ದೂರೂ ಇಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ಮಂಗಳೂರಿಗೆ ತಿಂಗಳಿಗೊಮ್ಮೆ ಹೋಗಿಬರುತ್ತೇನೆ. ಘಾಟಿಯಲ್ಲಿ ಸ್ವಲ್ಪ ಹೆಚ್ಚು ಎಳೆತ ಬೇಕು ಅನ್ನಿಸಿತು, ಅಷ್ಟೇ.

ಯಾವ ವಿಧಾನ ಎಂದು ನಾನು ಕಣ್ಣು ಮುಚ್ಚಿ ಆರಿಸಲಿಲ್ಲ. ಎರಡು ತಿಂಗಳು ಓದಿದ್ದೆ. ಬೂಸ್ಟ್ ಮಿತಿ ಮೀರದಂತೆ ಹೊಗೆಯನ್ನು ಟರ್ಬೊದ ಪಕ್ಕದಿಂದ ಬಿಟ್ಟುಬಿಡುವ ಬಾಗಿಲು ವೇಸ್ಟ್‌ಗೇಟ್, ಗಾಳಿಯ ಒತ್ತಡದಿಂದ ಅದನ್ನು ತೆರೆಯುವುದು ಆಕ್ಚುಯೇಟರ್. ಆಕ್ಚುಯೇಟರ್‌ಗೆ ಹೋಗುವ ಗಾಳಿಯನ್ನು ಸ್ವಲ್ಪ ಸೋರಲು ಬಿಡುವ ಬ್ಲೀಡ್ ವಾಲ್ವ್ ಬೇಡ ಎಂದುಕೊಂಡೆ. ಗುಂಡು ಮತ್ತು ಸ್ಪ್ರಿಂಗ್ ಇರುವ ಮ್ಯಾನುಯಲ್ ವಾಲ್ವ್ ಅದಕ್ಕಿಂತ ಮೇಲು. ನಿಗದಿ ಮಾಡಿದ ಒತ್ತಡ ಬರುವವರೆಗೂ ಅದು ಗಾಳಿಯನ್ನು ತಡೆದು ವೇಸ್ಟ್‌ಗೇಟನ್ನು ಮುಚ್ಚಿಯೇ ಇಡುತ್ತದೆ, ಟರ್ಬೊ ಬೇಗ ಏಳುತ್ತದೆ. ಆದರೆ ಅದಕ್ಕೆ ಗೇರ್ ಯಾವುದು, ಗಾಳಿ ಎಷ್ಟು ಬಿಸಿ, ಎಂಜಿನ್ ನಾಕಿಂಗ್ ಮಾಡುತ್ತಿದೆಯೇ (ಒಳಗೆ ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ತಾನೇ ಸಿಡಿಯುತ್ತಿದೆಯೇ) ಎಂಬುದೇನೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದೊಂದೇ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಹೊರಗಿನ ಒತ್ತಡವೇ ಸುಮಾರು 0.9 ಬಾರ್. ಇಲ್ಲಿ ತಿರುಪು ಹಾಕಿ ಸರಿಮಾಡಿದ ವಾಲ್ವ್ ಮಂಗಳೂರಿಗೆ ಇಳಿದಾಗ ಮೀಟರಿನಲ್ಲಿ ಅದೇ ಅಂಕಿ ತೋರಿಸುತ್ತದೆ, ಆದರೆ ಎಂಜಿನ್ ಒಳಗೆ 0.1 ಬಾರ್ ಹೆಚ್ಚು ಗಾಳಿ ನುಗ್ಗಿರುತ್ತದೆ, ಅದೂ ಕರಾವಳಿಯ ಸೆಕೆಯಲ್ಲಿ. ಇದೇ ಕಾರಣಕ್ಕೆ ನನಗೆ ಮ್ಯಾನುಯಲ್ ಬೇಡ, ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್) ಇರುವ ಎಲೆಕ್ಟ್ರಾನಿಕ್ ಕಂಟ್ರೋಲೇ ಬೇಕು, ಇಸಿಯು ಮ್ಯಾಪ್ (ಎಂಜಿನ್ ನಡೆಸುವ ಕಂಪ್ಯೂಟರಿನ ಸೆಟ್ಟಿಂಗ್) ಅದಕ್ಕೆ ಹೊಂದಬೇಕು ಎಂದು ಆ ಗ್ಯಾರೇಜಿನವನ ಎದುರು ನಿಂತು ಹೇಳಿದೆ. ಒಂದು ಸಲವಲ್ಲ, ಮೂರು ಸಲ ಹೇಳಿದೆ. "ಹೌದು ಸರ್, ಮ್ಯಾನುಯಲ್ ಎಲ್ಲ ಹಳೆಯ ಕಾಲದ್ದು, ನಾವು ಅದನ್ನು ಕೈಯಲ್ಲೂ ಮುಟ್ಟುವುದಿಲ್ಲ" ಎಂದ. ಈ ಮಾತು ಇವತ್ತಿಗೂ ಕಿವಿಯಲ್ಲಿದೆ. ಕೈಯಲ್ಲೂ ಮುಟ್ಟುವುದಿಲ್ಲ ಎಂದಿದ್ದ.

42,000 ರೂಪಾಯಿ. ಬಿಲ್ಲಿನಲ್ಲಿ "ಬೂಸ್ಟ್ ಕಂಟ್ರೋಲರ್ - 1, ಟ್ಯೂನಿಂಗ್ - 1" ಎಂದಷ್ಟೇ ಇತ್ತು. ಕಂಪನಿ ಹೆಸರಿಲ್ಲ, ಸೀರಿಯಲ್ ನಂಬರ್ ಇಲ್ಲ. ಆಗಲೇ ಕೇಳಬೇಕಿತ್ತು, ಕೇಳಲಿಲ್ಲ. ಏಕೆಂದರೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಚೆಂದದ ಡಿಜಿಟಲ್ ಡಿಸ್ಪ್ಲೇ ಕೂತಿತ್ತು, "ಲೋ", "ಹೈ" ಎಂದು ಎರಡು ಬಟನ್ ಇದ್ದವು. ಲೋ ಒತ್ತಿದರೆ ಹಸಿರು ಬೆಳಕು, ಹೈ ಒತ್ತಿದರೆ ಕೆಂಪು. ನಾನು ನಂಬಿದೆ.

ಮೊದಲ ವಾರವೇ ನೈಸ್ ರಸ್ತೆಯಲ್ಲಿ ಇಪಿಸಿ ಎಂಬ ಎಂಜಿನ್ ಎಚ್ಚರಿಕೆಯ ದೀಪ ಹತ್ತಿತು, ಕಾರು ಎಳೆಯುವುದನ್ನೇ ನಿಲ್ಲಿಸಿತು. ನನ್ನ ಸ್ಕ್ಯಾನರ್‌ನಲ್ಲಿ ಪಿ0234 ಬಂತು, ಅಂದರೆ ಓವರ್‌ಬೂಸ್ಟ್. ಫೋನ್ ಮಾಡಿದೆ. "ಒಮ್ಮೆ ಆಫ್ ಮಾಡಿ ಆನ್ ಮಾಡಿ ಸರ್, ಹೋಗುತ್ತದೆ. ನಾಳೆ ಬನ್ನಿ, ಮ್ಯಾಪ್ ಅಪ್‌ಡೇಟ್ ಮಾಡಿಕೊಡುತ್ತೇನೆ." ಮರುದಿನ ಹೋದೆ. ನನ್ನನ್ನು ಹೊರಗೆ ಕೂರಿಸಿ ಚಹಾ ತರಿಸಿಕೊಟ್ಟು ಅರ್ಧ ಗಂಟೆ ಏನೋ ಮಾಡಿದರು. ಅಲ್ಲಿಂದ ಮುಂದೆ ಒಂದು ದೀಪವೂ ಹತ್ತಲಿಲ್ಲ. ನನಗೆ ಸಮಾಧಾನವಾಯಿತು.

ಇನ್ನೊಂದು ಸಲ ಲೋ ಒತ್ತಿಯೇ ಓಡಿಸುತ್ತಿದ್ದಾಗ ಮೀಟರ್ 1.3 ಬಾರ್ ತೋರಿಸಿತು. ಕೇಳಿದೆ. "ಮೀಟರ್ ರೀಡಿಂಗ್ ಸ್ವಲ್ಪ ಹಿಂದೆಮುಂದೆ ಬರುತ್ತದೆ ಸರ್" ಎಂದ.

ಕಳೆದ ತಿಂಗಳು ಮಂಗಳೂರಿನಿಂದ ವಾಪಸ್ ಬರುವಾಗ ಅಪ್ಪ, ಅಮ್ಮ, ಹೆಂಡತಿ ಕಾರಿನಲ್ಲಿದ್ದರು. ಅವರಿದ್ದಾಗ ನಾನು ಯಾವಾಗಲೂ ಲೋ ಒತ್ತುತ್ತೇನೆ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದೆವು. ಮಧ್ಯಾಹ್ನದ ಬಿಸಿಲು, ಎಸಿ ಹಾಕಿತ್ತು, ಮೂರನೇ ಗೇರ್, ಮುಂದೆ ಒಂದು ಟ್ಯಾಂಕರ್. ಅದನ್ನು ದಾಟಲು ಆಕ್ಸಿಲರೇಟರ್ ಒತ್ತಿದೆ. ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು ಬಂತು. ಎರಡು ಮೂರು ಸೆಕೆಂಡು, ಅಷ್ಟೇ. ಆಮೇಲೆ ಕಾರು ನಡುಗತೊಡಗಿತು, ಕನ್ನಡಿಯಲ್ಲಿ ನೀಲಿ ಹೊಗೆ ಕಂಡಿತು. ಅಪ್ಪನಿಗೆ ಎಪ್ಪತ್ತೆರಡು ವರ್ಷ. ಲಾರಿಗಳು ಮೈಗೆ ತಾಗುವಂತೆ ಹೋಗುವ ಆ ತಿರುವಿನಲ್ಲಿ ಅವರನ್ನು ಎರಡು ಗಂಟೆ ನಿಲ್ಲಿಸಿಕೊಂಡಿದ್ದೆ.

ಕಾರನ್ನು ಹಾಸನಕ್ಕೆ ಎಳೆಸಿಕೊಂಡು ಹೋದೆವು. ಅಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಕಂಪ್ರೆಷನ್ (ಪ್ರತಿ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತುತ್ತದೆ ಎಂಬುದು) ನೋಡಿದರು. ಮೂರು ಸಿಲಿಂಡರ್‌ಗಳಲ್ಲಿ 12 ಬಾರ್ ಆಸುಪಾಸು, ಒಂದರಲ್ಲಿ 5. ಪಿಸ್ಟನ್ನಿನಲ್ಲಿ ರಿಂಗುಗಳ ನಡುವಿನ ಅಂಚು ಮುರಿದಿರುವುದು ಆಮೇಲೆ ಬಿಚ್ಚಿದಾಗ ಗೊತ್ತಾಯಿತು. ಅದಕ್ಕೂ ಮೊದಲು ಅವರು ಎಂಜಿನ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಎತ್ತಿ, ಒಂದು ನಿಮಿಷ ನೋಡಿ, "ಇದನ್ನು ಯಾರು ಹಾಕಿದ್ದು?" ಎಂದು ಕೇಳಿದರು.

ಹೆಬ್ಬೆರಳಿನಷ್ಟು ಗಾತ್ರದ ಹಿತ್ತಾಳೆಯ ವಾಲ್ವ್. ಗುಂಡು, ಸ್ಪ್ರಿಂಗ್, ತಲೆಯ ಮೇಲೊಂದು ತಿರುಪು. ಅದೇ ಮ್ಯಾನುಯಲ್ ವಾಲ್ವ್! ಟರ್ಬೊದಿಂದ ಆಕ್ಚುಯೇಟರ್‌ಗೆ ಹೋಗುವ ಪೈಪಿನ ನಡುವೆ ಅದನ್ನು ಕೂರಿಸಿದ್ದರು. ಬೂಸ್ಟ್ ನಿಯಂತ್ರಿಸಲು ಕಾರಿನಲ್ಲೇ ಮೊದಲಿನಿಂದ ಇರುವ ಎನ್75 ಸೊಲೆನಾಯ್ಡ್‌ನ ಪೈಪುಗಳನ್ನು ಕಿತ್ತು, ದೋಷ ಬಾರದಿರಲೆಂದು ಅದರ ವಿದ್ಯುತ್ ಕನೆಕ್ಟರ್ ಮಾತ್ರ ಹಾಗೆಯೇ ಬಿಟ್ಟಿದ್ದರು. ಡಿಸ್ಪ್ಲೇಯಿಂದ ಬಂದ ತಂತಿಗಳನ್ನು ಆ ಮೆಕ್ಯಾನಿಕ್ ಒಂದೊಂದಾಗಿ ಬೆರಳಲ್ಲಿ ಹಿಡಿದು ತೋರಿಸಿದರು. ಒಂದು ಕರೆಂಟಿಗೆ, ಒಂದು ಅರ್ತಿಗೆ, ಇನ್ನೊಂದು ಒತ್ತಡದ ಸೆನ್ಸರಿಗೆ. ಅದು ಬರೀ ಮೀಟರ್. ಲೋ, ಹೈ ಬಟನ್ ಇದ್ದದ್ದು ಅಲಾರಂ ಯಾವ ಅಂಕಿಗೆ ಹೊಡೆಯಬೇಕು ಎಂಬುದಕ್ಕೆ.

ನಾಲ್ಕು ತಿಂಗಳು ಅಪ್ಪ ಅಮ್ಮನನ್ನು ಕೂರಿಸಿಕೊಂಡು ನಾನು ಒತ್ತುತ್ತಿದ್ದ ಬಟನ್ ಬೂಸ್ಟಿಗೆ ಜೋಡಿಸಿರಲೇ ಇಲ್ಲ. ಇದನ್ನು ಬರೆಯುವಾಗಲೂ ಕೈ ನಡುಗುತ್ತದೆ.

ಆ "ಮ್ಯಾಪ್ ಅಪ್‌ಡೇಟ್" ಇನ್ನೂ ಕೆಟ್ಟದ್ದು. ಕಾರಿನ ಒತ್ತಡದ ಸೆನ್ಸರ್ ತಂತಿಗೆ ಕಪ್ಪು ಟೇಪ್ ಸುತ್ತಿದ ಸಣ್ಣ ಸರ್ಕ್ಯೂಟ್ ಒಂದನ್ನು ಸೇರಿಸಿದ್ದರು. ಬೂಸ್ಟ್ ಎಷ್ಟೇ ಏರಲಿ, ಇಸಿಯುಗೆ ಕಡಿಮೆಯೇ ಕಾಣುತ್ತದೆ. ಮಿತಿ ದಾಟಿದಾಗ ಥ್ರಾಟಲ್ ಮುಚ್ಚಿ ಎಂಜಿನ್ ಉಳಿಸಿಕೊಳ್ಳುವ ಬುದ್ಧಿ ಕಾರಿಗಿತ್ತು, ನೈಸ್ ರಸ್ತೆಯಲ್ಲಿ ಅದು ಮಾಡಿದ್ದು ಅದನ್ನೇ. ಇವರು ಅದರ ಕಣ್ಣು ಕಟ್ಟಿದರು. ಸ್ಕ್ಯಾನರ್ ಹಾಕಿ ನೋಡಿದರೆ ಇಸಿಯುನಲ್ಲಿ ಕಂಪನಿಯ ಮೂಲ ಸಾಫ್ಟ್‌ವೇರೇ ಇತ್ತು. ಟ್ಯೂನಿಂಗ್ ಎಂದು ಬರೆದಿದ್ದ ಕೆಲಸ ನಡೆದೇ ಇರಲಿಲ್ಲ.

ಫೋಟೊಗಳನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದೆ. ಬಂದ ಉತ್ತರಗಳು ಇವು. ಮೊದಲು: "ಸರ್, ಬೂಸ್ಟ್ ಏರಿತೋ ಇಲ್ಲವೋ? ಏರಿತಲ್ಲ." ನಾನು ಎಲೆಕ್ಟ್ರಾನಿಕ್ ಎಂದು ಕೇಳಿದ್ದೆನಲ್ಲ ಎಂದರೆ: "ಡಿಸ್ಪ್ಲೇ ಎಲೆಕ್ಟ್ರಾನಿಕ್ ಅಲ್ಲವೇ ಸರ್?" ಸರ್ಕ್ಯೂಟ್ ಬಗ್ಗೆ ಕೇಳಿದರೆ: "ಅದು ನಿಮ್ಮ ಒಳ್ಳೆಯದಕ್ಕೇ ಹಾಕಿದ್ದು, ಪದೇ ಪದೇ ದೀಪ ಹತ್ತಿದರೆ ನಿಮಗೇ ತೊಂದರೆ." ಕೊನೆಗೆ: "ಘಾಟಿಯಲ್ಲಿ ಹಾಗೆ ಓಡಿಸಿದರೆ ಯಾವ ಎಂಜಿನ್ ಉಳಿಯುತ್ತದೆ?" ಘಾಟಿಗೆಂದೇ ಮಾಡಿಸಿಕೊಂಡಿದ್ದು! ಮೊದಲ ದಿನವೇ ಹೇಳಿದ್ದೆ!

ದುರಸ್ತಿಗೆ 1,65,000 ಎಂದು ಅಂದಾಜು ಬಂದಿದೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಕಾರನ್ನು ಮಾರ್ಪಡಿಸಿದ್ದು ನೀವೇ ಅಲ್ಲವೇ ಎಂಬ ಪ್ರಶ್ನೆ ಬರುತ್ತದೆ ಎಂದು ಪರಿಚಯದ ವಕೀಲರು ಎಚ್ಚರಿಸಿದ್ದಾರೆ. ಬರಲಿ, ಉತ್ತರ ಕೊಡುತ್ತೇನೆ.

ನಿಮಗೆ ಹೇಳುವುದು ಇಷ್ಟೇ. ಇಸಿಯುವೇ ಬೂಸ್ಟ್ ನೋಡಿಕೊಳ್ಳುವ ಇಂಥ ಕಾರುಗಳಿಗೆ ಹೊರಗಿನ ಕಂಟ್ರೋಲರ್ ಯಾವುದೂ ಬೇಡ, ಮಾಡಿಸಿದರೆ ಸರಿಯಾದ ಸಾಫ್ಟ್‌ವೇರ್ ಮಾಡಿಸಿ. ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿ ಓಡಿಸಿದ ಲಾಗ್ ಫೈಲ್ ಕೇಳಿ. ಇಸಿಯು ಕೇಳಿದ ಬೂಸ್ಟ್ ಎಷ್ಟು, ಬಂದದ್ದು ಎಷ್ಟು, ನಾಕಿಂಗ್ ತಡೆಯಲು ಇಗ್ನಿಷನ್ (ಕಿಡಿ ಹೊತ್ತುವ ಸಮಯ) ಎಷ್ಟು ತಡವಾಯಿತು ಎಂಬುದು ಅದರಲ್ಲಿರಬೇಕು. ಕೊಡುವುದಿಲ್ಲ ಎಂದರೆ ದುಡ್ಡು ಕೊಡಬೇಡಿ. ಹೊರಗೆ ಕೂತು ಚಹಾ ಕುಡಿಯಬೇಡಿ, ಕಾರಿನ ಪಕ್ಕದಲ್ಲೇ ನಿಂತಿರಿ.

ನಿನ್ನೆ ರಾತ್ರಿ ಅವನಿಂದ ಮತ್ತೊಂದು ಸಂದೇಶ ಬಂತು. ಕ್ಷಮೆ ಕೇಳುತ್ತಾನೇನೋ ಎಂದು ತೆರೆದೆ. "ಸರ್, ಆ ವಾಲ್ವ್ ನಿಮಗೆ ಬೇಡವಾದರೆ ವಾಪಸ್ ಕಳಿಸಿ, ಇನ್ನೊಂದು ಗಾಡಿಗೆ ಅರ್ಜೆಂಟ್ ಬೇಕಿದೆ" ಎಂದಿತ್ತು. ವಾಲ್ವ್ ನನ್ನ ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿದೆ, ಕೊಡುವುದಿಲ್ಲ. ಆದರೆ ಅವನು ಇನ್ನೊಂದನ್ನು ತರುತ್ತಾನೆ. ಆ ಗಾಡಿ ನಿಮ್ಮದಾಗಿದ್ದರೆ, ಈಗಲೇ ಹೋಗಿ ಎಂಜಿನ್ ಮೇಲಿನ ಮುಚ್ಚಳ ಎತ್ತಿ ನೋಡಿ.